ಈರುಳ್ಳಿ, ಚಹಾ, ಕೋಕೋ ಮತ್ತು ರಕ್ತದ ಒತ್ತಡ

ಈರುಳ್ಳಿಯ ಒಣ ಸಿಪ್ಪೆಯನ್ನು ನೀರಿನಲ್ಲಿ ಹಾಕಿ ಕುದಿಸಿದರೆ ಹೊಂಬಣ್ಣದ ಕಷಾಯವಾಗುತ್ತದೆ. ಹಿಂದಿನ ಕಾಲದಲ್ಲಿ ಅನೇಕ ದೇಶಗಳ ಬಣ್ಣಗಾರರು ಈ ಕಷಾಯದಲ್ಲಿ ನೂಲನ್ನೂ ಬಟ್ಟೆಯನ್ನೂ ಅದ್ದಿ ಹಳದಿಯ ಛಾಯೆ ಏರಿಸುತ್ತಿದ್ದರು. ಅಡಿಗೆಮನೆಯಲ್ಲಿ ಮಾತ್ರ ಆ ಸಿಪ್ಪೆಗೆ ಕಸದ ಬುಟ್ಟಿಯಲ್ಲದೆ ಬೇರೆ ಗತಿಯಿಲ್ಲ. ಆ ಹಳದಿಗೆ ಕಾರಣವಾದ ಪದಾರ್ಥವನ್ನು ರಸಾಯನಶಾಸ್ತ್ರಜ್ಞರು ಕ್ವೆರ್ಸೆಟಿನ್ ಎಂದು ಕರೆಯುತ್ತಾರೆ. ಅದು ಫ್ಲೇವನಾಯ್ಡ್ ಎಂಬ ದೊಡ್ಡ ಕುಲಕ್ಕೆ ಸೇರಿದುದು. ಲ್ಯಾಟಿನ್ ಭಾಷೆಯಲ್ಲಿ ಹಳದಿ ಎಂಬರ್ಥದ ಶಬ್ದದಿಂದ ಆ ಹೆಸರು ಹುಟ್ಟಿತಾದರೂ ಈ ಕುಲದವರೆಲ್ಲರೂ ಹಳದಿಯಲ್ಲ. ನೇರಳೆ ಹಣ್ಣಿನ ಬಣ್ಣ, ಚಹಾದ ಒಗರು, ಚಕ್ಕೋತದ ತೆಳುಗಹಿ ಇವೆಲ್ಲವೂ ಇದೇ ಕುಟುಂಬದ ಕೊಡುಗೆಗಳು. ಇದುವರೆಗೆ ಸಸ್ಯಗಳಲ್ಲಿ ಗುರುತಿಸಲ್ಪಟ್ಟಿರುವ ಫ್ಲೇವನಾಯ್ಡುಗಳ ಸಂಖ್ಯೆ ಹಲವು ಸಾವಿರವನ್ನು ಮೀರುತ್ತದೆ.

ಇಂದು ಈ ಹೆಸರು ಪ್ರಯೋಗಶಾಲೆಯನ್ನು ಬಿಟ್ಟು ಬೀದಿಗಿಳಿದಿದೆ. ಗ್ರೀನ್ ಟೀ ಡಬ್ಬಿಯ ಮೇಲೂ, ಕಪ್ಪು ಚಾಕೊಲೇಟಿನ ಹೊದಿಕೆಯ ಮೇಲೂ ಅದರ ಗುಣಗಾನವಿದೆ. ಉದ್ಯಾನದಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವ ನಿವೃತ್ತರ ಮಾತುಕತೆಯಲ್ಲಿ, ಇಂಥ ರಸ ಕುಡಿದು ಮಾತ್ರೆ ಬಿಟ್ಟವರ ಕಥೆ ಒಂದಾದರೂ ಕೇಳಿಬರದ ದಿನ ಕಡಿಮೆ. ರಕ್ತದ ಒತ್ತಡವುಳ್ಳ ಮನುಷ್ಯನಿಗೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಆದುದರಿಂದಲೇ ಮಾತ್ರೆಯನ್ನು ಬಿಡಲು ಆತನಿಗೆ ಒಂದು ನೆಪ ಸಾಕು. ಈ ಪದಾರ್ಥಗಳ ವಿಷಯದಲ್ಲಿ ನಿಜವಾಗಿ ಗೊತ್ತಿರುವುದೆಷ್ಟು ಎಂಬುದನ್ನು ಮನೆಯವರು ತಿಳಿದಿರಬೇಕಾದುದು ಇದಕ್ಕಾಗಿಯೇ.

ಕಥೆ ಪ್ರಾರಂಭವಾಗುವುದು ಹಂಗೆರಿ ದೇಶದ ಸೆಗೆಡ್ ನಗರದಲ್ಲಿ. ಅಲ್ಲಿನ ಕೆಂಪು ಮೆಣಸಿನಕಾಯಿ ಜಗತ್ಪ್ರಸಿದ್ಧವಾದುದು. ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿ ಆ ಮೆಣಸಿನಕಾಯಿಯಿಂದಲೇ ಸಿ ಜೀವಸತ್ವವನ್ನು ರಾಶಿಗಟ್ಟಲೆ ಬೇರ್ಪಡಿಸಿದನು. 1937ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದನು. ಅದಕ್ಕೆ ಸ್ವಲ್ಪ ಮೊದಲು ಆತನಿಗೊಂದು ಸೋಜಿಗ ಕಂಡುಬಂದಿತ್ತು. ಸೂಕ್ಷ್ಮ ರಕ್ತನಾಳಗಳು ಸಡಿಲವಾಗಿ ಚರ್ಮದಡಿಯಲ್ಲಿ ರಕ್ತ ಒಸರುವ ರೋಗಿಗಳಿಗೆ ಶುದ್ಧವಾದ ಸಿ ಜೀವಸತ್ವದಿಂದ ಆಗದ ಉಪಕಾರ, ನಿಂಬೆ ಮತ್ತು ಮೆಣಸಿನಕಾಯಿಯ ಅಶುದ್ಧ ಸಾರದಿಂದ ಆಗುವಂತೆ ತೋರಿತು. ಹಾಗಾದರೆ ಆ ಅಶುದ್ಧಿಯಲ್ಲಿ ಏನೋ ಇರಬೇಕೆಂದು ಆತನೂ ಆತನ ಸಹೋದ್ಯೋಗಿ ರುಸ್ನ್ಯಾಕನೂ ಊಹಿಸಿ, 1936ರಲ್ಲಿ ಅದಕ್ಕೆ ಪಿ ಜೀವಸತ್ವವೆಂದು ಹೆಸರಿಟ್ಟರು. ಅದೇ ಫ್ಲೇವನಾಯ್ಡ್. ಆದರೆ ಜೀವಸತ್ವವೆನ್ನಿಸಿಕೊಳ್ಳಬೇಕಾದರೆ ಅದರ ಅಭಾವದಿಂದ ಒಂದು ನಿಶ್ಚಿತವಾದ ರೋಗ ಬರಬೇಕು. ಫ್ಲೇವನಾಯ್ಡ್ ಇಲ್ಲದೆ ಯಾರಿಗೂ ಅಂಥ ರೋಗ ಬರಲಿಲ್ಲ. 1950ರ ವೇಳೆಗೆ ಆ ಬಿರುದನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ವಿಷಯವೂ ಬಹುಕಾಲ ಮೂಲೆಗೆ ಬಿದ್ದಿತು.

ಅದನ್ನು ಮತ್ತೆ ಬೆಳಕಿಗೆ ತಂದವರು ಡಚ್ಚರು. ಜುಟ್ಫೆನ್ ಎಂಬ ಸಣ್ಣ ಪಟ್ಟಣದ 65ರಿಂದ 84 ವರ್ಷ ವಯಸ್ಸಿನ 805 ಮಂದಿ ವೃದ್ಧರ ಆಹಾರವನ್ನು ವಿವರವಾಗಿ ಬರೆದುಕೊಂಡು, ಐದು ವರ್ಷಗಳ ಕಾಲ ಅವರ ಕ್ಷೇಮವನ್ನು ಗಮನಿಸಲಾಯಿತು. 1993ರಲ್ಲಿ ಹೆರ್ಟೋಗ್ ಮತ್ತು ಸಂಗಡಿಗರು ಇದರ ಫಲಿತಾಂಶವನ್ನು ಪ್ರಕಟಿಸಿದರು. ಹೆಚ್ಚು ಫ್ಲೇವನಾಯ್ಡ್ ಸೇವಿಸುತ್ತಿದ್ದ ಗುಂಪಿನಲ್ಲಿ ಹೃದಯಾಘಾತದ ಮರಣ, ಕಡಿಮೆ ಸೇವಿಸುತ್ತಿದ್ದವರ ಅರ್ಧಕ್ಕಿಂತಲೂ ಕೆಳಗಿತ್ತು. ಆಶ್ಚರ್ಯವೆಂದರೆ ಪ್ರಮಾಣ. ದಿನಕ್ಕೆ ಸರಾಸರಿ 26 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ! ಅದರಲ್ಲಿ ನೂರಕ್ಕೆ 61 ಭಾಗ ಚಹಾದಿಂದ, 13 ಭಾಗ ಈರುಳ್ಳಿಯಿಂದ, 10 ಭಾಗ ಸೇಬಿನಿಂದ ಬಂದುದು. ಪತ್ರಿಕೆಗಳು ಸಹಜವಾಗಿಯೇ ಚಹಾಕ್ಕೆ ಜಯಕಾರ ಹಾಕಿದವು.

ಆ ಜಯಕಾರ ಅಡಗುವುದಕ್ಕೆ ನಾಲ್ಕೇ ವರ್ಷ ಹಿಡಿಯಿತು. ಅದೇ ಹೆರ್ಟೋಗ್ ವೇಲ್ಸ್ ಪ್ರಾಂತದ ಕೇರ್‌ಫಿಲಿ ಪಟ್ಟಣದ ಸುಮಾರು 1,900 ಮಂದಿ ಗಂಡಸರ ವಿಷಯದಲ್ಲಿ ಅದೇ ಲೆಕ್ಕ ಹಾಕಿ 1997ರಲ್ಲಿ ಪ್ರಕಟಿಸಿದಾಗ ಚಹಾದಿಂದ ಹೃದಯಕ್ಕೆ ಯಾವ ರಕ್ಷಣೆಯೂ ಕಾಣಲಿಲ್ಲ. ಬಹಳ ಚಹಾ ಕುಡಿಯುವವರ ಮರಣಸಂಖ್ಯೆ ಕಡಿಮೆಯಾಗುವುದಿರಲಿ, ಹೆಚ್ಚೇ ಆಗಿತ್ತು. ತನ್ನದೇ ಸಿದ್ಧಾಂತಕ್ಕೆ ಪ್ರತಿಕೂಲವಾದುದನ್ನು ಮುಚ್ಚಿಡದೆ ಅಚ್ಚುಹಾಕಿಸಿದ ಆ ಸಂಶೋಧಕನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ವೇಲ್ಸಿನ ಚಹಾ ಕುಡುಕರಲ್ಲಿ ಬಡ ಕೂಲಿಕಾರರೂ ಧೂಮಪಾನಿಗಳೂ ಹೆಚ್ಚು. ಹಾಲೆಂಡಿನಲ್ಲಿ ಅದು ಅನುಕೂಲಸ್ಥರ ಪಾನೀಯ. ಹೀಗಿರುವಾಗ ಗುಣ ಚಹಾದ್ದೋ, ಕುಡಿಯುವವನ ಅಂತಸ್ತಿನದ್ದೋ ಎಂಬ ಅನುಮಾನ ಬಾರದಿರುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇತ್ತು. ವೇಲ್ಸಿನವರು ಚಹಾಕ್ಕೆ ಹಾಲು ಬೆರೆಸುತ್ತಾರೆ. ಹಾಲಿಲ್ಲದ ಚಹಾವನ್ನು ಅತಿಥಿಗೆ ಕೊಟ್ಟರೆ ಅವಮಾನವೆಂದು ಭಾವಿಸುವ ಮನೆಗಳಲ್ಲಿ ಈ ಸಂಗತಿಗೆ ಬೆಲೆಯುಂಟು. 2007ರಲ್ಲಿ ಬರ್ಲಿನ್ನಿನ ವೈದ್ಯರು 16 ಮಂದಿ ಆರೋಗ್ಯವಂತ ಮಹಿಳೆಯರಿಗೆ ಒಮ್ಮೆ ಬರಿಯ ಚಹಾ, ಒಮ್ಮೆ ಹಾಲು ಬೆರೆಸಿದ ಚಹಾ, ಒಮ್ಮೆ ಬಿಸಿನೀರು ಕೊಟ್ಟು ಕೈಯ ಧಮನಿ ಎಷ್ಟು ಹಿಗ್ಗುತ್ತದೆಂದು ಅಳೆದರು. ಬರಿಯ ಚಹಾದಿಂದ ಧಮನಿ ಚೆನ್ನಾಗಿ ಹಿಗ್ಗಿತು. ಹಾಲು ಬಿದ್ದೊಡನೆ ಆ ಗುಣ ಮಾಯವಾಯಿತು. ಹಾಲಿನ ಕೇಸೀನ್ ಎಂಬ ಸಸಾರಜನಕ ಪದಾರ್ಥ ಚಹಾದ ಒಗರನ್ನು ಕಟ್ಟಿಹಾಕುತ್ತದೆಂದು ಅವರ ವಾದ. ಆದರೆ ಹಾಲು ಬೆರೆಸಿದರೂ ಚಹಾದ ಫ್ಲೇವನಾಯ್ಡ್ ರಕ್ತಕ್ಕೆ ಸೇರುವುದರಲ್ಲಿ ಕೊರತೆಯಾಗಲಿಲ್ಲವೆಂದು ಬೇರೆ ಪ್ರಯೋಗಗಳು ತೋರಿಸಿವೆ. 16 ಮಂದಿಯ ಸಾಕ್ಷ್ಯದ ಮೇಲೆ ಒಂದು ದೇಶದ ಚಹಾದ ಪದ್ಧತಿಯನ್ನು ಬದಲಿಸಬೇಕೆಂಬುದು ಅತಿಯಾದೀತು. ಚಹಾಕ್ಕೆ ಹಾಕುವ ಸಕ್ಕರೆಯನ್ನು ಕಡಿಮೆಮಾಡಿದರೆ ಅದಕ್ಕಿಂತ ನಿಶ್ಚಿತವಾದ ಲಾಭವಿದೆ.

ಈ ಮಧ್ಯೆ ಅತ್ಯಂತ ಸ್ವಾರಸ್ಯವಾದ ಪ್ರಕರಣವೊಂದು ಮಧ್ಯ ಅಮೆರಿಕದ ಪನಾಮಾ ದೇಶದಲ್ಲಿ ನಡೆಯುತ್ತಿತ್ತು. ಅಲ್ಲಿನ ಕೆರಿಬಿಯನ್ ಕರಾವಳಿಯ ಪುಟ್ಟ ದ್ವೀಪಗಳಲ್ಲಿ ಕೂನಾ ಎಂಬ ಬುಡಕಟ್ಟಿನ ಜನರು ವಾಸಿಸುತ್ತಾರೆ. ಇವರ ರಕ್ತದ ಒತ್ತಡ ಬಹಳ ತಗ್ಗೆಂದು 1944ರಲ್ಲಿಯೇ ಒಬ್ಬ ವೈದ್ಯನು ಬರೆದಿದ್ದನು. ಮುಪ್ಪಿನೊಡನೆ ಒತ್ತಡ ಏರುವುದು ಲೋಕಾರೂಢಿ. ಕೂನಾ ಮುದುಕರಿಗೆ ಏರುವುದಿಲ್ಲ. ಹಾರ್ವರ್ಡಿನ ನಾರ್ಮನ್ ಹಾಲೆನ್‌ಬರ್ಗ್ ಎಂಬ ವೈದ್ಯನು ಇದು ವಂಶದ ಗುಣವಿರಬೇಕೆಂದು ತರ್ಕಿಸಿ, ಆ ಗುಣದ ಮೂಲವನ್ನು ಹುಡುಕುತ್ತ ಅಲ್ಲಿಗೆ ಹೋದನು. 1997ರಲ್ಲಿ ಆತ ಪ್ರಕಟಿಸಿದ ವರದಿ ಆತನ ತರ್ಕವನ್ನೇ ತಲೆಕೆಳಗು ಮಾಡಿತು. ದ್ವೀಪವನ್ನು ಬಿಟ್ಟು ಪನಾಮಾ ನಗರದಲ್ಲಿ ನೆಲೆಸಿದ ಕೂನಾ ಜನರಿಗೆ ಎಲ್ಲರಂತೆಯೇ ಒತ್ತಡ ಏರುತ್ತಿತ್ತು. ರಕ್ತಸಂಬಂಧ ಒಂದೇ, ಒತ್ತಡ ಬೇರೆ. ಉಪ್ಪನ್ನು ಕಡಿಮೆ ತಿನ್ನುತ್ತಾರೇನೋ ಎಂದರೆ ಅದೂ ಅಲ್ಲ. ದ್ವೀಪದವರು ಉಪ್ಪನ್ನು ಧಾರಾಳವಾಗಿಯೇ ಬಳಸುತ್ತಿದ್ದರು. ಅವರು ದಿನಕ್ಕೆ ಹಲವು ಬಟ್ಟಲು ಕೋಕೋ ಕುಡಿಯುತ್ತಾರೆಂಬುದು ಕಣ್ಣಿಗೆ ಬಿದ್ದಿತು. ಕೋಕೋ ಬೀಜ ಫ್ಲೇವನಾಲ್ ಎಂಬ ಒಗರು ಫ್ಲೇವನಾಯ್ಡುಗಳ ಗಣಿ.

ಇಂಥ ಸುದ್ದಿ ಚಾಕೊಲೇಟ್ ವ್ಯಾಪಾರಿಗಳ ಕಿವಿಗೆ ಅಮೃತವಾಗದೆ ಇದ್ದೀತೆ? ಮಾರ್ಸ್ ಎಂಬ ಪ್ರಸಿದ್ಧ ಕಂಪನಿಯು ಮುಂದಿನ ಸಂಶೋಧನೆಗೆ ಹಣ ಒದಗಿಸಿತು. ಹಣ ಕೊಟ್ಟವರ ಹೆಸರು ಕೇಳಿದ ಮಾತ್ರಕ್ಕೆ ಸಂಶೋಧನೆ ಸುಳ್ಳೆನ್ನಬೇಕಾಗಿಲ್ಲ. ಆದರೂ ಕೂನಾ ಜನರ ನಡುವೆ ದಶಕಗಳ ಕಾಲ ಅಧ್ಯಯನ ನಡೆಸಿದ್ದ ಜೇಮ್ಸ್ ಹೌ ಎಂಬ ಮಾನವಶಾಸ್ತ್ರಜ್ಞನು 2012ರಲ್ಲಿ ಒಂದು ಲೇಖನ ಬರೆದು, ದ್ವೀಪವಾಸಿಗಳು ವೈದ್ಯರು ಹೇಳುವಷ್ಟು ಕೋಕೋ ಕುಡಿಯುವುದೇ ಇಲ್ಲವೆಂದು ಆಕ್ಷೇಪಿಸಿದನು. ದ್ವೀಪದಿಂದ ನಗರಕ್ಕೆ ಬಂದವನು ಬಿಟ್ಟುಬರುವುದು ಕೋಕೋ ಬಟ್ಟಲೊಂದನ್ನೇ ಅಲ್ಲವಷ್ಟೆ. ಮೀನೂಟವನ್ನು ಬಿಡುತ್ತಾನೆ, ದೋಣಿಯ ಹುಟ್ಟನ್ನು ಬಿಡುತ್ತಾನೆ, ನೆಂಟರಿಷ್ಟರ ನೆರಳನ್ನು ಬಿಡುತ್ತಾನೆ. ಹಳ್ಳಿಯಿಂದ ಬೆಂಗಳೂರಿಗೆ ಬಂದು ಹತ್ತು ವರ್ಷದಲ್ಲಿ ಒತ್ತಡದ ಮಾತ್ರೆ ನುಂಗತೊಡಗಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೂನಾ ಕಥೆ ಸಡಿಲವಾದರೂ ಅದರಿಂದ ಹುಟ್ಟಿದ ಪ್ರಯೋಗಗಳು ವ್ಯರ್ಥವಾಗಲಿಲ್ಲ. ಅವುಗಳನ್ನು ಅರ್ಥಮಾಡಿಕೊಳ್ಳಲು ಧಮನಿಯ ರಚನೆಯನ್ನು ಸ್ವಲ್ಪ ತಿಳಿಯಬೇಕು. ಧಮನಿಯ ಒಳಮೈಗೆ ಒಂದೇ ಪದರದ ಜೀವಕೋಶಗಳ ನವಿರಾದ ಅಸ್ತರಿಯುಂಟು. ಬಹುಕಾಲ ಅದನ್ನು ಕೊಳವೆಯ ಒಳಗೆ ಹಚ್ಚಿದ ಸುಣ್ಣದಂತೆ ನಿರ್ಜೀವ ಹೊದಿಕೆಯೆಂದೇ ತಿಳಿದಿದ್ದರು. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಧಮನಿಯ ತುಂಡುಗಳ ಮೇಲೆ ಔಷಧಗಳನ್ನು ಪರೀಕ್ಷಿಸುತ್ತಿದ್ದನು. 1978ರಲ್ಲಿ ಆತನ ಸಹಾಯಕನು ಹೇಳಿದ ಕ್ರಮವನ್ನು ಸರಿಯಾಗಿ ಅನುಸರಿಸದ ಒಂದು ದಿನ, ಯಾವಾಗಲೂ ಕುಗ್ಗುತ್ತಿದ್ದ ಧಮನಿ ಅದೇ ಬಗೆಯ ಔಷಧಕ್ಕೆ ಹಿಗ್ಗಿತು. ಬೈದು ಮರೆಯಬಹುದಾಗಿದ್ದ ತಪ್ಪನ್ನು ಫರ್ಚ್‌ಗಾಟ್ ಬೆನ್ನಟ್ಟಿ ನೋಡಿದನು. ಮೊದಲಿನ ಪ್ರಯೋಗಗಳಲ್ಲಿ ತುಂಡುಗಳನ್ನು ಸಿದ್ಧಪಡಿಸುವಾಗ ಒಳಗಿನ ಅಸ್ತರಿ ಉಜ್ಜಿಹೋಗುತ್ತಿತ್ತು. ಅಸ್ತರಿ ಉಳಿದಾಗ ಮಾತ್ರ ಧಮನಿ ಸಡಿಲವಾಗುತ್ತಿತ್ತು. ಅಂದರೆ ಆ ಅಸ್ತರಿಯೇ ಏನೋ ಒಂದು ಅಪ್ಪಣೆಯನ್ನು ಹೊರಡಿಸುತ್ತಿದೆ! ಆ ಅಪ್ಪಣೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ಇದಕ್ಕಾಗಿ ನೊಬೆಲ್ ಪಾರಿತೋಷಕ ಸಂದಿತು. ಎದೆನೋವು ಬಂದಾಗ ನಾಲಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಕೂಡ ಇದೇ ಅನಿಲದ ಮೂಲಕ ಕೆಲಸ ಮಾಡುತ್ತದೆ. ಅದೇ ನೈಟ್ರೋಗ್ಲಿಸರಿನ್ನಿನಿಂದ ಡೈನಮೈಟ್ ತಯಾರಿಸಿ ಶ್ರೀಮಂತನಾದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಅದನ್ನೇ ಔಷಧವಾಗಿ ಬರೆದುಕೊಟ್ಟಿದ್ದರು.

ಕೋಕೋದಲ್ಲಿರುವ ಎಪಿಕ್ಯಾಟೆಚಿನ್ ಎಂಬ ಫ್ಲೇವನಾಲ್ ಈ ಅಸ್ತರಿಯನ್ನು ಪ್ರೇರಿಸಿ ಹೆಚ್ಚು ನೈಟ್ರಿಕ್ ಆಕ್ಸೈಡ್ ದೊರೆಯುವಂತೆ ಮಾಡುತ್ತದೆಂದು 2006ರಲ್ಲಿ ತೋರಿಸಿಕೊಡಲಾಯಿತು. ಅದಕ್ಕೆ ಮೊದಲು, ಫ್ಲೇವನಾಯ್ಡುಗಳು ದೇಹದಲ್ಲಿನ ಆಮ್ಲಜನಕದ ವಿಕೃತ ಕಣಗಳನ್ನು ಗುಡಿಸಿಹಾಕುತ್ತವೆ ಎಂಬ ವಿವರಣೆಯೇ ಬಳಕೆಯಲ್ಲಿತ್ತು. ಜಾಹೀರಾತುಗಳಲ್ಲಿ ಇನ್ನೂ ಅದೇ ಇದೆ. ಗಾಜಿನ ಕೊಳವೆಯಲ್ಲಿ ಅದು ನಿಜ. ಆದರೆ ತಿಂದ ಫ್ಲೇವನಾಯ್ಡಿನಲ್ಲಿ ರಕ್ತವನ್ನು ಸೇರುವುದು ಅತ್ಯಲ್ಪ. ಸೇರಿದುದನ್ನೂ ಕರುಳು ಮತ್ತು ಯಕೃತ್ತು ಬೇಗನೆ ರೂಪಾಂತರಗೊಳಿಸಿ ಹೊರಹಾಕುತ್ತವೆ. ಅಷ್ಟು ಅಲ್ಪವಾದುದು ಗುಡಿಸುವ ಕೆಲಸಕ್ಕೆ ಸಾಲದು. ಅಪ್ಪಣೆ ಮುಟ್ಟಿಸುವ ಕೆಲಸಕ್ಕಾದರೆ ಸಾಕಾಗಬಹುದು.

ಇನ್ನು ಫಲವೆಷ್ಟು? 2017ರಲ್ಲಿ ಕಾಕ್ರೇನ್ ಸಂಸ್ಥೆಯು ಕೋಕೋ ಮತ್ತು ಒತ್ತಡದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿತು. ಸರಾಸರಿ ಇಳಿತ ಪಾದರಸದ 2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಮೊದಲೇ ಒತ್ತಡವಿದ್ದವರಲ್ಲಿ ಮೇಲಿನ ಅಂಕಿ ಸುಮಾರು 4 ಮಿಲಿಮೀಟರು ಇಳಿಯಿತು. ಬಹುಪಾಲು ಪ್ರಯೋಗಗಳು ಕೆಲವೇ ವಾರ ನಡೆದವು. 160 ಇರುವವನಿಗೆ ಇದರಿಂದ 156 ಆದೀತು. ಆತ ಮುಟ್ಟಬೇಕಾದ ಗುರಿ ಇನ್ನೂ ದೂರವೇ. ಇದಕ್ಕಿಂತ ದೊಡ್ಡ ಪರೀಕ್ಷೆಯ ಫಲಿತಾಂಶ ಅಮೆರಿಕದಿಂದ 2022ರಲ್ಲಿ ಬಂದಿತು. 21,442 ಮಂದಿ ಹಿರಿಯರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಇರುವ ಗುಳಿಗೆಯನ್ನೂ, ಉಳಿದವರಿಗೆ ಹುಸಿಗುಳಿಗೆಯನ್ನೂ ಮೂರೂವರೆ ವರ್ಷಕ್ಕೆ ಮೇಲ್ಪಟ್ಟು ಕೊಡಲಾಯಿತು. ಹೃದಯ ಮತ್ತು ರಕ್ತನಾಳಗಳ ಅನಾಹುತಗಳು ಒಟ್ಟಾರೆ ನೂರಕ್ಕೆ 10ರಷ್ಟು ತಗ್ಗಿದುವಾದರೂ ಅದು ಆಕಸ್ಮಿಕವಲ್ಲವೆಂದು ಸಿದ್ಧಪಡಿಸಲು ಸಾಲದಾಯಿತು. ಹೃದ್ರೋಗ ಹಾಗೂ ಲಕ್ವ ಮುಂತಾದವುಗಳ ಮರಣ ಮಾತ್ರ ನೂರಕ್ಕೆ 27ರಷ್ಟು ಕಡಿಮೆಯಿತ್ತು. ಮುಖ್ಯ ಪ್ರಶ್ನೆಗೆ ಉತ್ತರ ಸಿಗದೆ ಉಪಪ್ರಶ್ನೆಗೆ ಶುಭವಾರ್ತೆ ಬಂದಾಗ ವಿಜ್ಞಾನಿಗಳು ಸಂತೋಷಪಡುವುದಕ್ಕೆ ಮೊದಲು ಇನ್ನೊಂದು ಪರೀಕ್ಷೆಯನ್ನು ಕೇಳುತ್ತಾರೆ. ಅದು ನ್ಯಾಯವೂ ಹೌದು.

ಗುಳಿಗೆಯ ಈ ಗುಣ ಅಂಗಡಿಯ ಚಾಕೊಲೇಟಿಗೆ ಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟನ್ ಎಂಬಾತನು ಕೋಕೋ ಪುಡಿಯ ಒಗರನ್ನು ಕಳೆಯಲು ಕ್ಷಾರವನ್ನು ಬಳಸುವ ಉಪಾಯ ಕಂಡುಹಿಡಿದನು. ಬಣ್ಣ ಕಪ್ಪೇರಿತು, ರುಚಿ ಹಿತವಾಯಿತು, ಫ್ಲೇವನಾಲ್ ಬಹುಮಟ್ಟಿಗೆ ನಾಶವಾಯಿತು. ಆದುದರಿಂದ ಬಣ್ಣ ಕಪ್ಪಾದಷ್ಟೂ ಗುಣ ಹೆಚ್ಚೆಂಬ ನಂಬಿಕೆ ನಿಲ್ಲುವುದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುವ ಕೋಕೋ ಕಾಯನ್ನು ಒಡೆದು ಹಸಿಬೀಜವನ್ನು ಕಚ್ಚಿ ನೋಡಿದವರಿಗೆ ಆ ಒಗರಿನ ಪರಿಚಯವಿರುತ್ತದೆ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋ ಕಾರ್ಖಾನೆ ಸ್ಥಾಪಿತವಾದಂದಿನಿಂದ ಆ ಬೀಜ ಅಲ್ಲಿಯೇ ಚಾಕೊಲೇಟಾಗುತ್ತಿದೆ. ಮಕ್ಕಳು ತಿನ್ನುವ ಸಿಹಿತುಂಡಿನಲ್ಲಿ ಆ ಒಗರಿಲ್ಲ. ಸಕ್ಕರೆಯೂ ಕೊಬ್ಬೂ ಇವೆ.

ಮತ್ತೆ ಈರುಳ್ಳಿಗೆ ಬರಬಹುದು. ಅಮೆರಿಕದಲ್ಲಿ 2007ರ ಒಂದು ಪ್ರಯೋಗದಲ್ಲಿ, ಮೊದಲ ಹಂತದ ಒತ್ತಡವಿದ್ದವರಿಗೆ ದಿನಕ್ಕೆ 730 ಮಿಲಿಗ್ರಾಂ ಕ್ವೆರ್ಸೆಟಿನ್ ಅನ್ನು 28 ದಿನ ಕೊಟ್ಟಾಗ ಮೇಲಿನ ಅಂಕಿ 7, ಕೆಳಗಿನದು 5 ಮಿಲಿಮೀಟರು ಇಳಿದುವು. ಸಂತೋಷದ ಸುದ್ದಿಯೇ. ಆದರೆ ನೂರು ಗ್ರಾಂ ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಜಾತಿಗನುಸಾರವಾಗಿ ಸುಮಾರು 20ರಿಂದ 50 ಮಿಲಿಗ್ರಾಂ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಒಂದೂವರೆ ಕಿಲೋ ಈರುಳ್ಳಿಯಾದರೂ ಬೇಕು! ಮನೆಯ ಯಜಮಾನನು ತಿನ್ನಲೊಪ್ಪಿದರೂ ಹೆಚ್ಚಿಕೊಡುವ ಗೃಹಿಣಿಯ ಕಣ್ಣೀರಿಗೆ ಕೊನೆಯಿರದು. ಈರುಳ್ಳಿಯ ಪರವಾಗಿ ಹೇಳಬೇಕಾದ ಮಾತೊಂದಿದೆ: ಸೇಬಿನ ಕ್ವೆರ್ಸೆಟಿನ್‌ಗಿಂತ ಈರುಳ್ಳಿಯದು ಸುಲಭವಾಗಿ ರಕ್ತಗತವಾಗುತ್ತದೆ. ಅದು ಹೆಚ್ಚಾಗಿರುವುದು ಹೊರಗಿನ ಪದರಗಳಲ್ಲಿ. ಸಿಪ್ಪೆಯೊಡನೆ ಎರಡು ಪದರ ಹೆಚ್ಚಾಗಿ ಕಿತ್ತೆಸೆಯುವ ಕೈ ಸ್ವಲ್ಪ ಬಿಗಿಹಿಡಿದರೆ ಒಳ್ಳೆಯದು. ಬೇಯಿಸಿದಾಗ ಒಂದು ಭಾಗ ನೀರಿಗಿಳಿಯುತ್ತದೆ. ಹುಳಿ, ಸಾರುಗಳಲ್ಲಿ ಆ ನೀರನ್ನು ಚೆಲ್ಲುವ ಪ್ರಶ್ನೆಯೇ ಇಲ್ಲದಿರುವುದರಿಂದ ನಷ್ಟವೂ ಇಲ್ಲ.

ಉತ್ತರ ಕರ್ನಾಟಕದವರಿಗೆ ಪುಂಡಿ ಪರಿಚಿತ. ಜೋಳದ ರೊಟ್ಟಿಗೆ ಪುಂಡಿಪಲ್ಯವಿಲ್ಲದ ಊಟ ಸಪ್ಪೆ. ಅದೇ ಜಾತಿಗೆ ಸೇರಿದ ಕೆಂಪು ಪುಷ್ಪಪಾತ್ರೆಯ ಗಿಡವೊಂದರ ಕಷಾಯವನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ 65 ಮಂದಿಯ ಮೇಲೆ ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದರು. ಆರು ವಾರ ದಿನಕ್ಕೆ ಮೂರು ಬಟ್ಟಲು ಕುಡಿದವರ ಮೇಲಿನ ಅಂಕಿ 7 ಮಿಲಿಮೀಟರಿನಷ್ಟು ಇಳಿದರೆ, ಹುಸಿಪಾನೀಯ ಕುಡಿದವರದು ಒಂದು ಮಿಲಿಮೀಟರಿನಷ್ಟು ಇಳಿಯಿತು. ಪರೀಕ್ಷೆಯಾದುದು ಹೂವಿನ ಕೆಂಪು ಹೊದಿಕೆಯ ಕಷಾಯವೇ ಹೊರತು ಎಲೆಯ ಪಲ್ಯವಲ್ಲ. ಜೊತೆಗೆ ಇವರೆಲ್ಲ ಅಲ್ಪ ಒತ್ತಡದವರು, ಔಷಧ ತೆಗೆದುಕೊಳ್ಳದಿದ್ದವರು.

ಇವೆಲ್ಲಕ್ಕೂ ಎದುರಾಗಿ ಉಪ್ಪಿನಕಾಯಿಯ ಜಾಡಿಯನ್ನು ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ತಿಳಿಸುತ್ತದೆ. ಬೆಳಿಗ್ಗೆ ಗ್ರೀನ್ ಟೀ ಕುಡಿದು, ಮಧ್ಯಾಹ್ನ ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿಗಳೊಡನೆ ಊಟ ಮುಗಿಸಿದವನ ಧಮನಿಯ ಮೇಲೆ ಆ ಚಹಾದ ಪ್ರಭಾವ ಎಷ್ಟು ಉಳಿದೀತು?

ಎಲ್ಲಕ್ಕಿಂತ ಎಚ್ಚರದ ವಿಷಯ ಚಕ್ಕೋತದ್ದು. ಕೆನಡಾದ ಡೇವಿಡ್ ಬೈಲಿ ಎಂಬ ಸಂಶೋಧಕನು ಫೆಲೋಡಿಪಿನ್ ಎಂಬ ಒತ್ತಡದ ಔಷಧದೊಡನೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದನು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸದಲ್ಲಿ ಅದನ್ನು ಬೆರೆಸಿದ್ದನು. ರಕ್ತದಲ್ಲಿ ಔಷಧದ ಪ್ರಮಾಣ ನಿರೀಕ್ಷೆಯ ಹಲವು ಪಟ್ಟು ಏರಿತು. ದೋಷ ಮದ್ಯದ್ದಲ್ಲ, ಹಣ್ಣಿನ ರಸದ್ದೆಂದು ಆತ ತನ್ನ ಮೇಲೆಯೇ ಪ್ರಯೋಗಿಸಿ ಕಂಡುಕೊಂಡನು. 1989ರಲ್ಲಿ ಸುದ್ದಿ ಹೊರಬಿದ್ದಿತು. ಮೊದಲು ಅನುಮಾನ ಬಂದುದು ಆ ಹಣ್ಣಿಗೆ ಕಹಿ ಕೊಡುವ ನಾರಿಂಜಿನ್ ಎಂಬ ಫ್ಲೇವನಾಯ್ಡಿನ ಮೇಲೆ. ಮುಂದೆ ಫ್ಯೂರನೋಕೂಮರಿನ್ ಎಂಬ ಬೇರೆ ಪದಾರ್ಥಗಳೇ ನಿಜವಾದ ಅಪರಾಧಿಗಳೆಂದು ಗೊತ್ತಾಯಿತು. ಔಷಧವನ್ನು ಕರಗಿಸಿ ಕಡಿಮೆಮಾಡುವ ಕರುಳಿನ ಕಿಣ್ವವನ್ನು ಅವು ಕೆಡಿಸಿಬಿಡುತ್ತವೆ.

ದೇವನಹಳ್ಳಿಯ ಹೆಸರುವಾಸಿ ಚಕ್ಕೋತ ಈ ಗ್ರೇಪ್‌ಫ್ರೂಟಿನ ಹತ್ತಿರದ ಬಂಧು. ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದಲೇ ಆ ಹಣ್ಣು ಹುಟ್ಟಿದುದು. ಚಕ್ಕೋತದಲ್ಲಿಯೂ ಆ ಪದಾರ್ಥಗಳಿವೆ. ಆರೋಗ್ಯವಂತರಿಗೆ ಇದರಿಂದ ಭಯವಿಲ್ಲ. ಆದರೆ ಫೆಲೋಡಿಪಿನ್ ನುಂಗುವವರಿಗೆ ಒತ್ತಡ ಅತಿಯಾಗಿ ಕುಸಿದು ತಲೆಸುತ್ತು ಬರಬಹುದು. ಕೊಲೆಸ್ಟ್ರಾಲಿಗೆಂದು ಕೊಡುವ ಸಿಮ್ವಸ್ಟ್ಯಾಟಿನ್, ಅಟೋರ್ವಸ್ಟ್ಯಾಟಿನ್‌ಗಳ ಪ್ರಮಾಣವೂ ಏರುತ್ತದೆ. ಅದು ವಿಪರೀತವಾದರೆ ಮಾಂಸಖಂಡಗಳಿಗೆ ಅಪಾಯ. ಬಹಳ ಬಳಕೆಯಲ್ಲಿರುವ ಅಮ್ಲೋಡಿಪಿನ್ ಮಾತ್ರೆಗೆ ಈ ಬಾಧೆ ಅಲ್ಪ. ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗಿದರೆ ಸರಿಹೋಗುತ್ತದೆಂದು ತಿಳಿಯಬಾರದು. ಕೆಟ್ಟ ಕಿಣ್ವಕ್ಕೆ ಬದಲಾಗಿ ಹೊಸದು ಬರಲು ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ವೈದ್ಯರ ಬಳಿಗೆ ಹೋಗುವಾಗ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು, ಮನೆಯಲ್ಲಿ ನಿತ್ಯ ಕುಡಿಯುವ ರಸ, ಕಷಾಯಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಒಯ್ದರೆ, ಯಾವುದಕ್ಕೆ ಯಾವುದು ಹೊಂದದೆಂಬುದನ್ನು ಅವರು ಆಗಲೇ ಹೇಳಬಲ್ಲರು.